ಬೋಲ್ಟ್ ಬಿಚ್ಚುವ ಮುನ್ನ: ಮನೆಯಲ್ಲೇ ಆಯಿಲ್ ಬದಲಿಸುವಾಗ ಆಗುವ ಎಡವಟ್ಟುಗಳು ಮತ್ತು ಅವುಗಳ ರಿಪೇರಿ

ಸ್ಕೂಟರಿನ ಆಯಿಲ್ ಬದಲಿಸುವುದು ಅರ್ಧ ಗಂಟೆಯ ಕೆಲಸ ಎಂದು ನಂಬಿ ನಾನು ಮೊದಲ ಸಲ ಅದಕ್ಕೆ ಕೈಹಾಕಿದ ಭಾನುವಾರ, ಎಂಜಿನ್‌ನ ಬೋಲ್ಟ್ ಎಂದುಕೊಂಡು ಹಿಂದಿನ ಚಕ್ರದ ಪಕ್ಕದ ಗೇರ್ ಬಾಕ್ಸಿನ ಬೋಲ್ಟನ್ನು ಬಿಚ್ಚಿದ್ದೆ. ಬೋಗುಣಿಗೆ ಬಿದ್ದದ್ದು ಅರ್ಧ ಲೋಟದಷ್ಟು, ಜೇನಿನ ಬಣ್ಣದ ತಿಳಿ ಎಣ್ಣೆ. ಇಷ್ಟು ಓಡಿಸಿದರೂ ಎಣ್ಣೆ ಇಷ್ಟು ಚೊಕ್ಕಟವಾಗಿದೆಯಲ್ಲ ಎಂದು ಒಳಗೊಳಗೇ ಬೀಗುತ್ತ ಬೋಲ್ಟನ್ನು ಮರಳಿ ಬಿಗಿದು, ಹೊಸ ಡಬ್ಬಿಯಲ್ಲಿದ್ದ ಎಣ್ಣೆಯನ್ನೆಲ್ಲ ಎಂಜಿನ್‌ಗೆ ಸುರಿದೆ. ಹಳೆಯ ಎಣ್ಣೆ ಒಳಗೆ ಹಾಗೆಯೇ ಇತ್ತು. ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಸೈಲೆನ್ಸರ್‌ನಿಂದ ನೀಲಿ ಹೊಗೆ ಏಳತೊಡಗಿತು. ಹಿಂದಿನಿಂದ ರಾಗಿ ಬೀಸುವಂಥ ಸದ್ದು ಬರತೊಡಗಿತು. ಗಾಡಿಯನ್ನು ತಳ್ಳಿಕೊಂಡು ಹೋಗಿ ಮೆಕ್ಯಾನಿಕ್ಕನ ಮುಂದೆ ನಿಲ್ಲಿಸಿದಾಗ ಆತ ಎಣ್ಣೆಯ ಮಟ್ಟ ತೋರಿಸುವ ಗೇಜು ಎಳೆದು ನೋಡಿ, "ಎಂಜಿನ್‌ಗೆ ಎರಡು ಪಾಲು ಎಣ್ಣೆ, ಗೇರಿಗೆ ಉಪವಾಸ, ಸಾರ್" ಎಂದಷ್ಟೇ ಹೇಳಿದ.

ಅಂದಿನಿಂದ ಇಂದಿನವರೆಗೆ ನನ್ನ ಗಾಡಿಗಳ ಆಯಿಲ್ಲನ್ನು ನಾನೇ ಬದಲಿಸುತ್ತಿದ್ದೇನೆ. ನೆರೆಹೊರೆಯವರು ಕೆಡಿಸಿಕೊಂಡದ್ದನ್ನೂ ಸಾಕಷ್ಟು ನೋಡಿದ್ದೇನೆ. ನಾನು ಕಂಡಂತೆ ಹಾನಿಯೆಲ್ಲ ಆಗುವುದು ಮೂರೇ ಗಳಿಗೆಗಳಲ್ಲಿ: ಬಿಚ್ಚಬೇಕಾದ ಬೋಲ್ಟ್ ಯಾವುದೆಂದು ನಿರ್ಧರಿಸುವಾಗ, ಅದನ್ನು ಮತ್ತೆ ಬಿಗಿಯುವಾಗ, ಮತ್ತು ಎಣ್ಣೆಯ ಮಟ್ಟ ನೋಡದೆ ಎಂಜಿನ್ ಚಾಲೂ ಮಾಡುವಾಗ. ಈ ಮೂರರ ನಡುವಿನ ಕೆಲಸವನ್ನು ಯಾರು ಬೇಕಾದರೂ ಮಾಡಬಹುದು. ಆದ್ದರಿಂದ ಇಲ್ಲಿ ಉಳಿದದ್ದನ್ನು ಚುಟುಕಾಗಿ ಹೇಳಿ, ಈ ಮೂರು ಗಳಿಗೆಗಳ ಬಳಿ ಹೆಚ್ಚು ಹೊತ್ತು ನಿಲ್ಲುತ್ತೇನೆ. ತಪ್ಪು ಆಗಿಯೇ ಹೋಗಿದ್ದರೆ ಮುಂದೇನು ಮಾಡಬೇಕೆಂಬುದನ್ನೂ ಅಲ್ಲಲ್ಲೇ ಹೇಳುತ್ತೇನೆ.

ಕೈ ಮಸಿ ಮಾಡಿಕೊಳ್ಳುವ ಮೊದಲು

ಗಾಡಿಯ ಜೊತೆ ಬಂದ ಕೈಪಿಡಿಯಲ್ಲಿ ಮೂರು ಅಂಕಿಗಳನ್ನು ಹುಡುಕಿ ಒಂದು ಚೀಟಿಯಲ್ಲಿ ಬರೆದುಕೊಳ್ಳಬೇಕು: ಎಣ್ಣೆ ಎಷ್ಟು ಹಿಡಿಯುತ್ತದೆ, ಯಾವ ದರ್ಜೆಯ ಎಣ್ಣೆ ಬೇಕು, ಎಣ್ಣೆ ಇಳಿಸುವ ಡ್ರೈನ್ ಬೋಲ್ಟನ್ನು ಎಷ್ಟು ಬಿಗಿಯಬೇಕು. ಎಣ್ಣೆಯ ಪ್ರಮಾಣಕ್ಕೆ ಕೈಪಿಡಿಯಲ್ಲಿ ಸಾಮಾನ್ಯವಾಗಿ ಎರಡು ಅಂಕಿಗಳಿರುತ್ತವೆ. ಒಂದು ಎಣ್ಣೆ ಬಸಿದು ತುಂಬುವಾಗಿನದು, ಇನ್ನೊಂದು ಎಂಜಿನ್ನನ್ನು ಪೂರ್ತಿ ಬಿಚ್ಚಿ ಜೋಡಿಸಿದಾಗಿನದು. ನಮಗೆ ಬೇಕಾದದ್ದು ಮೊದಲನೆಯದು, ಅಂದರೆ ಚಿಕ್ಕ ಅಂಕಿ. ದೊಡ್ಡದನ್ನು ನೋಡಿ ಸುರಿದವರು ಹೆಚ್ಚುವರಿ ಎಣ್ಣೆಯ ತೊಂದರೆಗೆ ಸಿಲುಕುತ್ತಾರೆ. ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಈ ಲೇಖನವನ್ನು ಇಲ್ಲಿಗೇ ಬಿಟ್ಟು, ನಿಗದಿತ ಸರ್ವೀಸನ್ನು ಅಧಿಕೃತ ಕೇಂದ್ರದಲ್ಲೇ ಮಾಡಿಸಿ ರಸೀದಿಗಳನ್ನು ಜೋಪಾನ ಮಾಡುವುದು ಜಾಣತನ.

ನೆಲ ಸಮತಟ್ಟಾಗಿರಬೇಕು. ದ್ವಿಚಕ್ರ ವಾಹನವನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಕಾರಿನ ವಿಷಯದಲ್ಲಿ ಮಾತ್ರ ಒಂದು ಕಟ್ಟುನಿಟ್ಟಿನ ಮಾತಿದೆ: ಡಿಕ್ಕಿಯಲ್ಲಿರುವ ಜಾಕ್ ಟಯರ್ ಬದಲಿಸಲು ಕೊಟ್ಟದ್ದು, ಅದರ ಭರವಸೆಯ ಮೇಲೆ ಯಾರೂ ಕಾರಿನ ಕೆಳಗೆ ತಲೆ ಇಡಬಾರದು. ಜಾಕಿನಿಂದ ಎತ್ತಿದ ಮೇಲೆ ಗಟ್ಟಿ ಸ್ಟ್ಯಾಂಡುಗಳ ಮೇಲೆ ಕಾರನ್ನು ಕೂರಿಸಿ, ನೆಲದಲ್ಲುಳಿದ ಚಕ್ರಗಳಿಗೆ ಮುಂದೆ ಹಿಂದೆ ಕಲ್ಲು ಕೊಟ್ಟು, ಒಮ್ಮೆ ಅಲುಗಿಸಿ ನೋಡಿದ ಮೇಲೆಯೇ ಕೆಳಗೆ ಹೋಗಬೇಕು. ಇಟ್ಟಿಗೆ ಮತ್ತು ಸಿಮೆಂಟ್ ಬ್ಲಾಕುಗಳು ಯಾವ ಸೂಚನೆಯನ್ನೂ ಕೊಡದೆ ಒಡೆಯುತ್ತವೆ. ಸ್ಟ್ಯಾಂಡ್ ಇಲ್ಲದವರು ಕಾರಿನ ಆಯಿಲ್ ಬದಲಿಸುವ ಆಸೆಯನ್ನು ಬಿಟ್ಟುಬಿಡಬೇಕು. ಇದರಲ್ಲಿ ನನಗೆ ರಾಜಿಯಿಲ್ಲ.

ಎಣ್ಣೆ ಸರಾಗವಾಗಿ ಇಳಿಯಲು ಎಂಜಿನ್ ಉಗುರುಬೆಚ್ಚಗಿದ್ದರೆ ಸಾಕು. ಮೂರು ನಾಲ್ಕು ನಿಮಿಷ ಓಡಿಸಿ, ಆಫ್ ಮಾಡಿ, ಹತ್ತು ನಿಮಿಷ ಬಿಡಬೇಕು. ಊರೆಲ್ಲ ಸುತ್ತಿ ಬಂದ ತಕ್ಷಣ ಬೋಲ್ಟ್ ಬಿಚ್ಚಿದವರ ಮೊಣಕೈ ಮೇಲೆ ಸುಟ್ಟ ಕಲೆಗಳನ್ನು ನೋಡಿದ್ದೇನೆ. ಕಾದ ಎಣ್ಣೆಯಷ್ಟೇ ಕಾದ ಸೈಲೆನ್ಸರ್ ಕೂಡ ಅಪಾಯಕಾರಿ.

ತಪ್ಪು ಬೋಲ್ಟ್

ಎಣ್ಣೆ ಇಳಿಸುವ ಬೋಲ್ಟನ್ನು ಮುಟ್ಟುವ ಮೊದಲು ಎಣ್ಣೆ ತುಂಬುವ ಮುಚ್ಚಳವನ್ನು ತೆರೆಯಬೇಕು. ಹೀಗೆ ಮಾಡುವುದರಿಂದ ಎರಡು ಪ್ರಯೋಜನಗಳಿವೆ: ಗಾಳಿ ಆಡಿ ಎಣ್ಣೆ ಬೇಗ ಬಸಿಯುತ್ತದೆ, ಅದಕ್ಕಿಂತ ಮುಖ್ಯವಾಗಿ, ಇಳಿಸಿದ ಎಣ್ಣೆಯನ್ನು ಮರಳಿ ತುಂಬಲು ದಾರಿ ಇದೆಯೆಂಬುದು ಖಾತ್ರಿಯಾಗುತ್ತದೆ. ಗೇರ್ ಬಾಕ್ಸಿನ ಕೆಲಸದಲ್ಲಂತೂ ಈ ನಿಯಮವನ್ನು ಮೀರಲೇಬಾರದು. ಕೆಳಗಿನ ಬೋಲ್ಟ್ ಬಿಚ್ಚಿ ಎಣ್ಣೆಯೆಲ್ಲ ಇಳಿದ ಮೇಲೆ, ತುಂಬುವ ಬೋಲ್ಟ್ ತುಕ್ಕು ಹಿಡಿದು ಜಪ್ಪಯ್ಯ ಎಂದರೂ ಅಲುಗುವುದಿಲ್ಲವೆಂದು ಗೊತ್ತಾದರೆ, ಗಾಡಿ ನಿಂತಲ್ಲೇ ನಿಲ್ಲುತ್ತದೆ.

ಗೇರ್ ಹಾಕದೆ ಓಡಿಸುವ ಸ್ಕೂಟರುಗಳಲ್ಲಿ ಎಂಜಿನ್ ಎಣ್ಣೆ ಬೇರೆ, ಹಿಂಚಕ್ರದ ಬಳಿಯ ಗೇರುಗಳ ಎಣ್ಣೆ ಬೇರೆ. ಅನೇಕ 110 ಸಿಸಿ ಸ್ಕೂಟರುಗಳ ಎಂಜಿನ್ 650ರಿಂದ 800 ಮಿಲಿಲೀಟರ್ ಹಿಡಿದರೆ, ಗೇರಿನ ಪಾಲು ಸುಮಾರು 100ರಿಂದ 120 ಮಿಲಿಲೀಟರ್ ಮಾತ್ರ. ಗೇರಿನ ಭಾಗದಲ್ಲಿ ಬೆಂಕಿಯೂ ಇಲ್ಲ, ಮಸಿಯೂ ಇಲ್ಲವಾದ್ದರಿಂದ ಆ ಎಣ್ಣೆ ಬಹುಕಾಲ ತಿಳಿಯಾಗಿಯೇ ಇರುತ್ತದೆ. ಎಂಜಿನ್ ಎಣ್ಣೆ ಕಪ್ಪಾಗಿರುತ್ತದೆ. ಆದ್ದರಿಂದ ಇಳಿದ ಎಣ್ಣೆಯನ್ನು ಅಳತೆಯ ಗೀಟುಗಳಿರುವ ಹಳೆಯ ಡಬ್ಬಿಗೆ ಸುರಿದು, ಬಣ್ಣ ಮತ್ತು ಪ್ರಮಾಣ ಎರಡನ್ನೂ ಚೀಟಿಯೊಂದಿಗೆ ತಾಳೆ ನೋಡಬೇಕು. ಮುಕ್ಕಾಲು ಲೀಟರ್ ಬರಬೇಕಾದ ಕಡೆ ಅರ್ಧ ಲೋಟ ಬಂದಿದ್ದರೆ ಒಂದೋ ಎಂಜಿನ್ ಎಣ್ಣೆಯನ್ನು ತಿನ್ನುತ್ತಿದೆ, ಇಲ್ಲವೇ ನಾವು ಬಿಚ್ಚಿದ್ದು ಬೇರೆ ಬೋಲ್ಟ್. ಆ ಭಾನುವಾರ ನಾನು ಈ ಒಂದು ಕೆಲಸ ಮಾಡಿದ್ದರೆ ಮುಂದಿನದ್ದೆಲ್ಲ ತಪ್ಪುತ್ತಿತ್ತು.

ಬೈಕುಗಳಲ್ಲಿ ಗೊಂದಲ ಇನ್ನೊಂದು ಬಗೆಯದು. ಕೆಲವು 100 ಸಿಸಿ ಎಂಜಿನ್‌ಗಳ ತಳದಲ್ಲಿ ಡ್ರೈನ್ ಬೋಲ್ಟಿನ ಹತ್ತಿರವೇ ಟೈಮಿಂಗ್ ಚೈನನ್ನು ಬಿಗಿಹಿಡಿಯುವ ಸಲಕರಣೆಯ ಬೋಲ್ಟೂ ಇರುತ್ತದೆ. ಅದನ್ನು ಬಿಚ್ಚಿದರೆ ಒಳಗಿನ ಸ್ಪ್ರಿಂಗ್ ಕೈಗೆ ಬರುತ್ತದೆ. ಇನ್ನು ಕೆಲವು ಗಾಡಿಗಳಲ್ಲಿ ದೊಡ್ಡ ಮುಚ್ಚಳದಂಥ ಬೋಲ್ಟಿನ ಹಿಂದೆ ಸ್ಪ್ರಿಂಗ್ ಮತ್ತು ಎಣ್ಣೆ ಸೋಸುವ ತಂತಿಯ ಜಾಲರಿ ಇರುತ್ತವೆ. ಬೋಲ್ಟ್ ಕಳಚಿದೊಡನೆ ಇವೆರಡೂ ಎಣ್ಣೆಯ ಜೊತೆ ಬೋಗುಣಿಗೆ ಬೀಳುವುದರಿಂದ, ಮೊದಲು ಬಂದದ್ದು ಯಾವುದು, ಯಾವ ಮುಖ ಹೊರಗಿತ್ತು ಎಂಬುದು ತಿಳಿಯದೇ ಹೋಗುತ್ತದೆ. ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಂಡು, ಕೊನೆಯ ಸುತ್ತುಗಳನ್ನು ಬೋಲ್ಟನ್ನು ಒಳಕ್ಕೆ ಒತ್ತಿಹಿಡಿದುಕೊಂಡೇ ಬಿಚ್ಚಿದರೆ ಈ ಪರದಾಟ ತಪ್ಪುತ್ತದೆ. ಸ್ಪ್ರಿಂಗ್ ಅಥವಾ ಗುಂಡು ಹೊರಬಂದರೆ, ನಾನು ತೆರೆದದ್ದು ಡ್ರೈನ್ ಬೋಲ್ಟ್ ಹೌದೇ ಎಂದು ಕೆಲಸ ನಿಲ್ಲಿಸಿ ಕೈಪಿಡಿ ನೋಡಬೇಕು.

ಆಟೊಮ್ಯಾಟಿಕ್ ಗೇರಿನ ಕಾರುಗಳಲ್ಲಿ ಇದೇ ತಪ್ಪು ದುಬಾರಿಯಾಗುತ್ತದೆ. ಆ ಗೇರ್ ಬಾಕ್ಸುಗಳ ಎಣ್ಣೆ ಹಲವು ಕಾರುಗಳಲ್ಲಿ ಕೆಂಪು ಛಾಯೆಯದಾಗಿರುತ್ತದೆ. ಬೋಗುಣಿಯಲ್ಲಿ ಕೆಂಪು ಕಂಡರೆ ಬೋಲ್ಟನ್ನು ತಕ್ಷಣ ಮರಳಿ ಹಾಕಬೇಕು. ಅದರ ಮಟ್ಟವನ್ನು ನಿಗದಿತ ಉಷ್ಣತೆಯಲ್ಲಿ ಅಳೆಯಬೇಕಾದ್ದರಿಂದ ಮನೆಯಲ್ಲಿ ಅಂದಾಜಿನ ಮೇಲೆ ತುಂಬಲು ಹೋಗದೆ, ಎಂಜಿನ್ ಚಾಲೂ ಕೂಡ ಮಾಡದೆ, ಗಾಡಿಯನ್ನು ಎತ್ತಿಸಿಕೊಂಡು ವರ್ಕ್‌ಶಾಪಿಗೆ ಒಯ್ಯಬೇಕು. ಸ್ಕೂಟರಿನದು ಅಷ್ಟು ದೊಡ್ಡ ಕಥೆಯಲ್ಲ. ಕೈಪಿಡಿ ಹೇಳಿದ ಗೇರ್ ಎಣ್ಣೆಯನ್ನು ತಂದು ಅಳತೆಯಷ್ಟು ತುಂಬಿ, ಎಂಜಿನ್‌ನಲ್ಲಿರುವ ಎರಡು ಪಾಲನ್ನೂ ಪೂರ್ತಿ ಬಸಿದು, ಹೊಸದನ್ನು ಅಳೆದು ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೆ ಗೇರ್ ಎಣ್ಣೆಯಿಲ್ಲದೆ ಓಡಿಸಬಾರದು, ಮೆಕ್ಯಾನಿಕ್ ಅಂಗಡಿಯವರೆಗೂ ಓಡಿಸಬಾರದು, ತಳ್ಳಿಕೊಂಡೇ ಹೋಗಬೇಕು.

ಎರಡು ಸ್ಟ್ರೋಕಿನ ಗಾಡಿಗಳನ್ನು ಓಡಿಸಿ ಬೆಳೆದ ಹಿರಿಯರಿಗೆ ಈ ಗೊಂದಲ ಇನ್ನೂ ಹೆಚ್ಚು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬರುತ್ತಿದ್ದ ಯೆಜ್ದಿಯಂಥ ಗಾಡಿಗಳಲ್ಲಿ ಎಂಜಿನ್‌ಗೆ ಬೇಕಾದ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸುತ್ತಿದ್ದರು. ಬೋಲ್ಟ್ ಬಿಚ್ಚಿ ಬದಲಿಸುತ್ತಿದ್ದದ್ದು ಗೇರಿನ ಎಣ್ಣೆಯನ್ನು ಮಾತ್ರ. ಆ ಅಭ್ಯಾಸದ ಕೈ ಇಂದಿನ ಸ್ಕೂಟರಿನಲ್ಲೂ ನೇರ ಗೇರಿನ ಬೋಲ್ಟಿಗೇ ಹೋಗುವುದು ಸಹಜ.

ಬಿಗಿಯುವ ಕೈ

ಮೊದಲು ದಿಕ್ಕು. ಬೋಲ್ಟಿನ ತಲೆಯನ್ನು ಎದುರಿಗಿಟ್ಟುಕೊಂಡು ನೋಡಿದಾಗ, ದೇವರ ಗುಡಿಗೆ ಪ್ರದಕ್ಷಿಣೆ ಬರುವ ದಿಕ್ಕಿಗೆ ತಿರುಗಿಸಿದರೆ ಬಿಗಿ, ಅಪ್ರದಕ್ಷಿಣೆಯಾಗಿ ತಿರುಗಿಸಿದರೆ ಸಡಿಲ. ಇದು ಎಲ್ಲರಿಗೂ ಗೊತ್ತು. ಆದರೆ ಡ್ರೈನ್ ಬೋಲ್ಟಿನ ತಲೆ ನೆಲದ ಕಡೆಗಿರುತ್ತದೆ. ನಾವು ಮೇಲಿನಿಂದ ಬಗ್ಗಿ ಕೈಯನ್ನು ಕೆಳಗೆ ಚಾಚಿರುತ್ತೇವೆ. ಆಗ ದಿಕ್ಕು ಕಣ್ಣಿಗೆ ತಿರುವುಮುರುವಾಗಿ ಕಾಣುತ್ತದೆ. ಬಿಚ್ಚುತ್ತಿದ್ದೇನೆಂದು ಭಾವಿಸಿ ಮೈಯ ಬಲವನ್ನೆಲ್ಲ ಹಾಕಿ ಬಿಗಿಯುವುದು, ಬೋಲ್ಟ್ ಜಗ್ಗದಿದ್ದಾಗ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಇನ್ನಷ್ಟು ಬಿಗಿಯುವುದು, ಕೊನೆಗೆ "ಟಕ್" ಎಂದಾಗ ಬಿಚ್ಚಿತೆಂದು ಸಂತೋಷಪಡುವುದು, ಇವು ಒಂದರ ಹಿಂದೆ ಒಂದು ನಡೆಯುತ್ತವೆ. ಹಾಸನದ ಕಡೆಯ ನನ್ನ ಭಾವಮೈದುನ ಬೈಕಿನ ಥ್ರೆಡ್, ಅಂದರೆ ಬೋಲ್ಟನ್ನು ಹಿಡಿಯುವ ತೂತಿನ ಒಳಸುತ್ತುಗಳನ್ನು, ಕಳೆದುಕೊಂಡದ್ದು ಹೀಗೆಯೇ. ಅನುಮಾನವಿದ್ದರೆ ಒಂದು ಖಾಲಿ ಬೋಲ್ಟನ್ನು ಕೈಯಲ್ಲಿ ತಲೆಕೆಳಗಾಗಿ ಹಿಡಿದು ತಿರುಗಿಸಿ ನೋಡಿಕೊಂಡು, ಆಮೇಲೆ ಸ್ಪ್ಯಾನರ್ ಹಾಕಬೇಕು.

ಸಲಕರಣೆಯ ವಿಷಯದಲ್ಲಿ ಸರಿಯಾದ ಅಳತೆಯ ರಿಂಗ್ ಸ್ಪ್ಯಾನರ್ ಅಥವಾ ಆರು ಮೂಲೆಯ ಸಾಕೆಟ್ ಇರಲಿ. ಸ್ಕ್ರೂ ಸ್ಪ್ಯಾನರ್ ಮತ್ತು ಕಟಿಂಗ್ ಪ್ಲೇಯರನ್ನು ಈ ಕೆಲಸಕ್ಕೆ ತರಲೇಬಾರದು. ಅವು ಬೋಲ್ಟಿನ ತಲೆಯ ಮೂಲೆಗಳನ್ನು ಸವೆಸಿ ಗುಂಡಗೆ ಮಾಡುತ್ತವೆ. ತಲೆ ಈಗಾಗಲೇ ಸವೆದಿದ್ದರೆ, ಒಂದು ಅಳತೆ ಚಿಕ್ಕದಾದ ಆರು ಮೂಲೆಯ ಸಾಕೆಟ್ಟನ್ನು ಮೆಲ್ಲಗೆ ಸುತ್ತಿಗೆಯಿಂದ ಬಡಿದು ಕೂರಿಸಿ ಬಿಚ್ಚಿ, ಹೊಸ ಬೋಲ್ಟ್ ತಂದು ಹಾಕಬೇಕು.

ಈಗ ಬಿಗಿಯುವ ಲೆಕ್ಕ. ಡ್ರೈನ್ ಬೋಲ್ಟ್ ಉಕ್ಕಿನದು. ಅದು ಕೂರುವ ಎಂಜಿನ್‌ನ ಹೊರಕವಚ ಬಹುತೇಕ ಗಾಡಿಗಳಲ್ಲಿ ಅಲ್ಯೂಮಿನಿಯಮ್ಮಿನದು. ಇವೆರಡೂ ಜಗಳಕ್ಕೆ ನಿಂತರೆ ಸೋಲುವುದು ಅಲ್ಯೂಮಿನಿಯಮ್, ಅಂದರೆ ದುಬಾರಿಯಾದ ಭಾಗ. ಕೈಪಿಡಿಗಳಲ್ಲಿ ಈ ಬೋಲ್ಟಿಗೆ ಹೇಳುವ ಬಿಗಿ ಹೆಚ್ಚಾಗಿ 20ರಿಂದ 35 ನ್ಯೂಟನ್ ಮೀಟರುಗಳ ನಡುವೆ ಇರುತ್ತದೆ. 25 ನ್ಯೂಟನ್ ಮೀಟರ್ ಎಂದರೆ 15 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಸುಮಾರು 17 ಕಿಲೋ ತೂಕ ನೇತುಹಾಕಿದಷ್ಟು ಬಲ. ಅದೇ ಬಲವನ್ನು ಪೈಪು ಸಿಕ್ಕಿಸಿ 45 ಸೆಂಟಿಮೀಟರ್ ಮಾಡಿದ ಹಿಡಿಯ ತುದಿಯಲ್ಲಿ ಹಾಕಿದರೆ ಬೋಲ್ಟಿನ ಮೇಲೆ ಬೀಳುವುದು 75 ನ್ಯೂಟನ್ ಮೀಟರ್. ಕೈಗೆ ಅದೇ ಶ್ರಮ, ಬೋಲ್ಟಿಗೆ ಮೂರು ಪಟ್ಟು. ಗಟ್ಟಿಮುಟ್ಟಾದ ಆಳು ಉದ್ದ ಹಿಡಿಯ ಸಲಕರಣೆಯಿಂದ ಥ್ರೆಡ್ ಹಾಳುಮಾಡುವುದು ಒಡ್ಡತನದಿಂದಲ್ಲ, ಬೋಲ್ಟಿನ ಮೇಲೆ ಎಷ್ಟು ಬಲ ಬೀಳುತ್ತಿದೆಯೆಂಬ ಅಂದಾಜು ತನ್ನ ಕೈಗೆ ಸಿಗದಿರುವುದರಿಂದ. ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಇದ್ದವರು ಅದನ್ನು ಬಳಸಲಿ. ಇಲ್ಲದವರು ಸ್ಪ್ಯಾನರನ್ನು ತುದಿಯಲ್ಲಿ ಹಿಡಿಯದೆ ನಡುವಿನಲ್ಲಿ ಹಿಡಿದು, ಮಣಿಕಟ್ಟಿನ ಬಲದಿಂದ ಬಿಗಿದು, ವಾಷರ್ ಕೂತ ಅನುಭವ ಕೈಗೆ ಬಂದ ಕೂಡಲೇ ನಿಲ್ಲಿಸಲಿ. ಭುಜ ಮತ್ತು ಮೈಭಾರ ಇದರಲ್ಲಿ ಸೇರಬಾರದು.

ಎಣ್ಣೆ ಸೋರದಂತೆ ತಡೆಯುವುದು ಬಿಗಿತವಲ್ಲ, ವಾಷರ್. ತಾಮ್ರದ ಅಥವಾ ಅಲ್ಯೂಮಿನಿಯಮ್ಮಿನ ಆ ಬಳೆ ಒಮ್ಮೆ ಒತ್ತಿಕೊಂಡು ತನ್ನ ಆಕಾರ ಬದಲಿಸಿದ ಮೇಲೆ ಎರಡನೆಯ ಸಲ ಅಷ್ಟು ಚೆನ್ನಾಗಿ ಕೂರುವುದಿಲ್ಲ. ಹಳೆಯದನ್ನೇ ಹಾಕಿ, ಒಂದೊಂದೇ ಹನಿ ಸೋರುತ್ತಿದೆಯೆಂದು ದಿನಾ ಸ್ವಲ್ಪ ಸ್ವಲ್ಪ ಬಿಗಿಯುತ್ತ ಹೋದವರು ವಾರದ ಕೊನೆಗೆ ಥ್ರೆಡ್ ಕಳೆದುಕೊಳ್ಳುತ್ತಾರೆ. ವಾಷರಿನ ಬೆಲೆ ಚಹಾದ ಬೆಲೆಗಿಂತ ಹೆಚ್ಚಿಲ್ಲ. ಪ್ರತಿಸಲವೂ ಹೊಸದು ಹಾಕಬೇಕು. ಹಳೆಯ ವಾಷರ್ ಎಂಜಿನ್‌ಗೇ ಅಂಟಿಕೊಂಡಿಲ್ಲವೆಂದು ಬೆರಳಾಡಿಸಿ ನೋಡುವುದನ್ನೂ ಮರೆಯಬಾರದು.

ಬೋಲ್ಟನ್ನು ಮರಳಿ ಹಾಕುವಾಗ ಮೊದಲ ನಾಲ್ಕೈದು ಸುತ್ತು ಬರಿಗೈಯಿಂದಲೇ ಆಗಬೇಕು. ಓರೆಯಾಗಿ ಹತ್ತಿದ ಬೋಲ್ಟ್ ಎರಡನೆಯ ಸುತ್ತಿಗೇ ಗಡುಸಾಗುತ್ತದೆ. ಆ ಗಡುಸನ್ನು ಸ್ಪ್ಯಾನರಿನಿಂದ ಗೆಲ್ಲಲು ಹೋಗದೆ ಹೊರತೆಗೆದು, ಮೊದಲು ಅಪ್ರದಕ್ಷಿಣೆಯಾಗಿ ತಿರುಗಿಸುತ್ತ ಥ್ರೆಡ್ಡಿನ ಬಾಯಿ ಸಿಕ್ಕ ಸಣ್ಣ "ಕ್ಲಿಕ್" ತಿಳಿದ ಮೇಲೆ ಒಳಕ್ಕೆ ತಿರುಗಿಸಬೇಕು.

ಥ್ರೆಡ್ ಹೋದ ಮೇಲೆ

ಬಿಗಿಯುತ್ತಿರುವಾಗ ಬೋಲ್ಟ್ ಇದ್ದಕ್ಕಿದ್ದಂತೆ ಹಗುರಾಗಿ ಸುಮ್ಮನೆ ತಿರುಗತೊಡಗಿದರೆ ಥ್ರೆಡ್ ಹೋಯಿತೆಂದೇ ತಿಳಿಯಬೇಕು. ಹೊರತೆಗೆದು ನೋಡಿದರೆ ಬೋಲ್ಟಿನ ಸುತ್ತುಗಳಲ್ಲಿ ಬೆಳ್ಳಿಯ ಬಣ್ಣದ ಅಲ್ಯೂಮಿನಿಯಮ್ ಸುರುಳಿ ಸಿಕ್ಕಿಕೊಂಡಿರುತ್ತದೆ.

ಇದಕ್ಕೆ ನೆಚ್ಚಬಹುದಾದ ರಿಪೇರಿ ಹೆಲಿಕಾಯಿಲ್. ಹಾಳಾದ ತೂತನ್ನು ಸ್ವಲ್ಪ ದೊಡ್ಡದಾಗಿ ಕೊರೆದು, ಹೊಸ ಥ್ರೆಡ್ ತೆಗೆದು, ಅದರೊಳಗೆ ಸ್ಟೇನ್‌ಲೆಸ್ ಉಕ್ಕಿನ ತಂತಿಯ ಸುರುಳಿಯನ್ನು ಕೂರಿಸುತ್ತಾರೆ; ಆ ಸುರುಳಿಯ ಒಳಮೈ ಮೂಲ ಬೋಲ್ಟಿನ ಅಳತೆಯದೇ ಆಗಿರುವುದರಿಂದ ಹಳೆಯ ಬೋಲ್ಟೇ ಮತ್ತೆ ಹಿಡಿಯುತ್ತದೆ. ಉಕ್ಕಿನ ಸುರುಳಿ ಅಲ್ಯೂಮಿನಿಯಮ್ ಥ್ರೆಡ್ಡಿಗಿಂತ ಗಟ್ಟಿ. ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಸುತ್ತಮುತ್ತ ಇದನ್ನು ಮಾಡುವವರು ಸಿಗುತ್ತಾರೆ. ಬೇರೆ ಊರುಗಳಲ್ಲಿ ಯಾವುದಾದರೂ ಒಳ್ಳೆಯ ಲೇತ್ ಅಂಗಡಿಯಲ್ಲಿ ಕೇಳಬೇಕು. ಕೊರೆದ ಪುಡಿ ಎಂಜಿನ್‌ನ ಒಳಗೆ ಉಳಿಯದಂತೆ ಡ್ರಿಲ್ಲಿಗೆ ಗ್ರೀಸ್ ಹಚ್ಚಿ ಕೊರೆಯುವಂತೆಯೂ, ಕೊನೆಗೆ ಸ್ವಲ್ಪ ಅಗ್ಗದ ಎಂಜಿನ್ ಆಯಿಲ್ ಸುರಿದು ಪುಡಿಯನ್ನು ತೊಳೆದು ಹೊರಹಾಕುವಂತೆಯೂ ಹೇಳಬೇಕು. ಡೀಸೆಲ್ ಸುರಿದು ತೊಳೆಯುವ ಹಳೆಯ ರೂಢಿ ಬೇಡ; ಒಳಗುಳಿದ ಡೀಸೆಲ್ ಹೊಸ ಎಣ್ಣೆಯನ್ನು ತೆಳುವಾಗಿಸುತ್ತದೆ.

ಎರಡನೆಯ ದಾರಿ ಒಂದು ಅಳತೆ ದೊಡ್ಡ ಬೋಲ್ಟಿಗೆ ಥ್ರೆಡ್ ತೆಗೆಸುವುದು. ಕೆಲಸ ಮಾಡುತ್ತದೆ, ಆದರೆ ಸುತ್ತಲಿನ ಲೋಹ ತೆಳುವಾಗುವುದರಿಂದ ಇನ್ನೊಂದು ಸಲಕ್ಕೆ ಅವಕಾಶ ಉಳಿಯುವುದಿಲ್ಲ. ಕಾರುಗಳಲ್ಲಿ ಎಣ್ಣೆಯ ಚೇಂಬರ್ ಬೇರೆ ಭಾಗವಾಗಿದ್ದರೆ ಅದನ್ನೇ ಬದಲಿಸಬಹುದು. ಎಂ-ಸೀಲ್ ಮೆತ್ತುವುದು, ಟೆಫ್ಲಾನ್ ಟೇಪು ಸುತ್ತುವುದು ಇವೆಲ್ಲ ಗಾಡಿಯನ್ನು ರಿಪೇರಿಗೆ ಒಯ್ಯುವವರೆಗೆ ಅಂಗಳಕ್ಕೆ ಎಣ್ಣೆ ಸೋರದಿರಲು ಮಾತ್ರ. ಸೀಲಿಂಗ್ ಪೇಸ್ಟನ್ನು ಧಾರಾಳವಾಗಿ ಬಳಿದರೆ ಒಳಗಡೆ ಉಬ್ಬಿದ ಭಾಗ ಚೂರಾಗಿ ಕಳಚಿ ಎಣ್ಣೆ ಎಳೆಯುವ ಜಾಲರಿಗೆ ಅಡ್ಡ ನಿಲ್ಲುತ್ತದೆ. ಸೋರಿಕೆಯನ್ನು ನಿಲ್ಲಿಸಹೋಗಿ ಎಣ್ಣೆಯ ಹರಿವನ್ನೇ ನಿಲ್ಲಿಸಿದಂತಾಗುತ್ತದೆ. ಹೆದ್ದಾರಿಯಲ್ಲಿ ಆ ಬೋಲ್ಟ್ ಬಿದ್ದರೆ ಏನಾಗುತ್ತದೆಂಬುದನ್ನು ಹೇಳಬೇಕಾಗಿಲ್ಲ. ಬಿದ್ದ ಎಣ್ಣೆ ಮೊದಲು ತಲುಪುವುದು ಹಿಂದಿನ ಟಯರಿಗೆ.

ಫಿಲ್ಟರ್

ಕಾರುಗಳಲ್ಲಿ ಡಬ್ಬಿಯಾಕಾರದ ಫಿಲ್ಟರನ್ನು ತೆಗೆದಾಗ ಅದರ ರಬ್ಬರ್ ಬಳೆ ಕೆಲವೊಮ್ಮೆ ಎಂಜಿನ್ ಕಡೆಗೇ ಅಂಟಿಕೊಂಡು ಉಳಿಯುತ್ತದೆ. ಅದರ ಮೇಲೆಯೇ ಹೊಸ ಫಿಲ್ಟರ್ ಕೂರಿಸಿದರೆ ಬಳೆಯ ಮೇಲೆ ಬಳೆ ಕೂತಂತಾಗಿ, ಎಣ್ಣೆಗೆ ಒತ್ತಡ ಬಂದ ಕೂಡಲೇ ಒಂದು ಬಳೆ ಜಾರಿ, ತುಂಬಿದ ಎಣ್ಣೆಯೆಲ್ಲ ಅಲ್ಪ ಹೊತ್ತಿನಲ್ಲೇ ನೆಲದ ಪಾಲಾಗುತ್ತದೆ. ಹಳೆಯ ಫಿಲ್ಟರನ್ನು ತಿರುವಿ ಬಳೆ ಅದರಲ್ಲೇ ಇದೆಯೇ ಎಂದು ನೋಡುವುದಕ್ಕೆ ಎರಡು ಸೆಕೆಂಡು ಸಾಕು. ಹೊಸ ಬಳೆಗೆ ಬೆರಳಿನಿಂದ ಹೊಸ ಎಣ್ಣೆ ಸವರಿ, ಬಳೆ ಎಂಜಿನ್ನನ್ನು ಮುಟ್ಟಿದ ಮೇಲೆ ಕೈಯಿಂದಲೇ ಸುಮಾರು ಮುಕ್ಕಾಲು ಸುತ್ತು ಬಿಗಿದರೆ ಸಾಕು. ಡಬ್ಬಿಯ ಮೇಲೆ ಬೇರೆ ಲೆಕ್ಕ ಬರೆದಿದ್ದರೆ ಅದನ್ನು ಅನುಸರಿಸಬೇಕು. ಗಟ್ಟಿಯಾದ ಫಿಲ್ಟರಿಗೆ ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸುವುದು ಕೊನೆಯ ಉಪಾಯ, ಏಕೆಂದರೆ ತಗಡು ಹರಿದರೆ ಹಿಡಿಯಲು ಏನೂ ಉಳಿಯುವುದಿಲ್ಲ. ಮೊದಲು ಮರಳು ಕಾಗದ ಸುತ್ತಿ ಹಿಡಿದು ತಿರುಗಿಸಿ ನೋಡಬೇಕು.

ಬೈಕುಗಳ ಕಾಗದದ ಫಿಲ್ಟರುಗಳಿಗೆ ಹಿಂದು ಮುಂದು ಇರುತ್ತದೆ. ಒಂದು ಬದಿ ಮುಚ್ಚಿದ್ದು ಇನ್ನೊಂದು ಬದಿ ತೂತಿರುವ ಫಿಲ್ಟರನ್ನು ತಿರುಗುಮುರುಗಾಗಿ ಹಾಕಿದರೆ ಎಣ್ಣೆಯ ದಾರಿಯೇ ಮುಚ್ಚಿ, ಎಣ್ಣೆ ತುಂಬಿದ ಎಂಜಿನ್ ಎಣ್ಣೆಯಿಲ್ಲದೆ ಸವೆಯುತ್ತದೆ. ಹಳೆಯದು ಹೇಗಿತ್ತೆಂಬ ಫೋಟೊ ಇಲ್ಲೂ ಬೇಕು.

ಎಣ್ಣೆಯ ಆಯ್ಕೆ

ಡಬ್ಬಿಯ ಮೇಲಿನ 10ಡಬ್ಲ್ಯು-30 ಎಂಬ ಬರಹದಲ್ಲಿ ಡಬ್ಲ್ಯು ಚಳಿಗಾಲವನ್ನು ಸೂಚಿಸುತ್ತದೆ. ಮೊದಲ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆಂಬುದನ್ನೂ, ಎರಡನೆಯದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಎಷ್ಟು ಮಂದವಾಗಿ ಉಳಿಯುತ್ತದೆಂಬುದನ್ನೂ ಹೇಳುತ್ತದೆ. ನಮ್ಮೂರು ಸೆಕೆಯ ಊರೆಂದು ಕೈಪಿಡಿ ಹೇಳಿದ್ದಕ್ಕಿಂತ ಮಂದವಾದ ಎಣ್ಣೆಯನ್ನು ತಾವೇ ಆರಿಸುವುದು ಹಲವರ ಚಾಳಿ. ಇಲ್ಲಿ ಮಾರುವ ಗಾಡಿಯ ಕೈಪಿಡಿಯನ್ನು ಇಲ್ಲಿಯ ಬಿಸಿಲನ್ನು ಲೆಕ್ಕಹಾಕಿಯೇ ಬರೆದಿರುತ್ತಾರೆ.

ಬೈಕಿನವರು ಎಚ್ಚರ ವಹಿಸಬೇಕಾದದ್ದು ಡಬ್ಬಿಯ ಮೇಲಿನ ಜಾಸೊ (ಜಪಾನಿನ ವಾಹನ ಮಾನದಂಡ ಸಂಸ್ಥೆ) ಗುರುತಿನ ಬಗ್ಗೆ. ಬೈಕುಗಳಲ್ಲಿ ಸಾಮಾನ್ಯವಾಗಿ ಎಂಜಿನ್, ಗೇರು, ಕ್ಲಚ್ ಪ್ಲೇಟು ಮೂರೂ ಒಂದೇ ಎಣ್ಣೆಯಲ್ಲಿ ಮಿಂದಿರುತ್ತವೆ. ಎಂಎ ಅಥವಾ ಎಂಎ2 ಎಂಬ ಗುರುತಿನ ಎಣ್ಣೆ ಕ್ಲಚ್ ಪ್ಲೇಟುಗಳ ಹಿಡಿತವನ್ನು ಉಳಿಸುತ್ತದೆ. ಎಂಬಿ ಗುರುತಿನದು ಒಣ ಕ್ಲಚ್ಚಿನ ಸ್ಕೂಟರುಗಳಿಗಾಗಿ ಇರುವಂಥದ್ದು, ಹೆಚ್ಚು ಜಾರುಗುಣದ್ದು. ಮನೆಯಲ್ಲಿ ಉಳಿದಿದ್ದ ಸ್ಕೂಟರಿನ ಎಣ್ಣೆಯನ್ನೋ ಕಾರಿನ ಎಣ್ಣೆಯನ್ನೋ ಬೈಕಿಗೆ ಸುರಿದರೆ, ರೇಸ್ ಕೊಟ್ಟಾಗ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಎಳೆಯುವುದಿಲ್ಲ. ಘಾಟಿಯ ಏರಿನಲ್ಲಿ ಇದು ಚೆನ್ನಾಗಿ ತಿಳಿಯುತ್ತದೆ. ಬೇಗ ಗೊತ್ತಾದರೆ ಸರಿಯಾದ ಎಣ್ಣೆಯನ್ನು ಎರಡು ಸಲ ಬದಲಿಸಿ ನೋಡಬಹುದು. ಪ್ಲೇಟು ಸುಟ್ಟಿದ್ದರೆ ಹೊಸದೇ ಗತಿ. ಇನ್ನು ಬಿಎಸ್6 ಡೀಸೆಲ್ ಕಾರುಗಳ ಹೊಗೆ ಸೋಸುವ ಫಿಲ್ಟರಿಗೆ ಕಡಿಮೆ ಬೂದಿ ಉಳಿಸುವ ಎಣ್ಣೆಯೇ ಬೇಕು. ಟ್ರ್ಯಾಕ್ಟರಿಗೆಂದು ತಂದ ಎಣ್ಣೆ ಅದಕ್ಕೆ ಆಗದು.

ಎಣ್ಣೆಯನ್ನು ರಸೀದಿ ಕೊಡುವ ಅಂಗಡಿಯಲ್ಲೇ ಕೊಂಡು, ಮುಚ್ಚಳದ ಸೀಲ್ ನೋಡಿ ತೆರೆಯಬೇಕು. ಖಾಲಿ ಡಬ್ಬಿಯನ್ನು ಗುಜರಿಗೆ ಹಾಕುವ ಮುನ್ನ ಚಾಕುವಿನಿಂದ ಸೀಳಿ ಹಾಕಿದರೆ ಅದರಲ್ಲಿ ಯಾರೂ ನಕಲಿ ಎಣ್ಣೆ ತುಂಬಿ ಮಾರಲಾರರು.

ಮಟ್ಟ, ಮತ್ತು ಮೊದಲ ಚಾಲನೆ

ಎಣ್ಣೆ ಇಳಿಸಿದ ಮೇಲೆ ಫೋನ್ ಬಂದು ಒಳಗೆ ಹೋಗಿ, ಊಟ ಮುಗಿಸಿ ಬಂದು, ಎಣ್ಣೆ ತುಂಬಿದ್ದೇನೆಂಬ ಭ್ರಮೆಯಲ್ಲಿ ಚಾಲೂ ಮಾಡಿದವರಿದ್ದಾರೆ. ಇದಕ್ಕೆ ನನ್ನ ಮದ್ದು ಸರಳ: ಬೋಲ್ಟ್ ಬಿಚ್ಚುವ ಮುನ್ನ ಕೀಲಿಕೈಯನ್ನು ಹೊಸ ಎಣ್ಣೆಯ ಡಬ್ಬಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿಬಿಡುತ್ತೇನೆ. ಡಬ್ಬಿಯಿಂದ ಎಣ್ಣೆ ಸುರಿಯದೆ ಕೀಲಿ ಬಿಡಿಸುವುದಿಲ್ಲ. ಎಣ್ಣೆಯಿಲ್ಲದೆ ಎಂಜಿನ್ ಕೆಲವು ಸೆಕೆಂಡು ಓಡಿದ್ದರೆ ಆಫ್ ಮಾಡಿ, ತುಂಬಿ, ಕಿವಿಗೊಟ್ಟು ಕೇಳಿದರೆ ಸಾಕಾಗಬಹುದು. ನಿಮಿಷಗಟ್ಟಲೆ ಓಡಿ ಕಟಕಟ ಸದ್ದು ಬಂದಿದ್ದರೆ ಇಲ್ಲವೇ ತಾನಾಗಿ ನಿಂತಿದ್ದರೆ ಮತ್ತೆ ಕಿಕ್ ಹೊಡೆಯಬಾರದು. ಸೀಜ್ ಆದ, ಅಂದರೆ ಒಳಗೆ ಕಚ್ಚಿಕೊಂಡು ನಿಂತ ಎಂಜಿನ್ನನ್ನು ಬಲವಂತವಾಗಿ ತಿರುಗಿಸಿದರೆ ಪಿಸ್ಟನ್ ಓಡಾಡುವ ಬೋರಿನಲ್ಲೇ ಮುಗಿಯಬಹುದಾಗಿದ್ದ ಖರ್ಚು ಅದರ ಕೆಳಗಿನ ತಿರುಗುವ ದಂಡವಾದ ಕ್ರ್ಯಾಂಕಿಗೂ ಹಬ್ಬುತ್ತದೆ.

ಚೀಟಿಯಲ್ಲಿರುವ ಅಳತೆಗಿಂತ ಸ್ವಲ್ಪ ಕಡಿಮೆ ತುಂಬಿ, ಮುಚ್ಚಳ ಹಾಕಿ, ಒಂದೆರಡು ನಿಮಿಷ ನಿಧಾನಗತಿಯಲ್ಲಿ ಓಡಿಸಿ, ಆಫ್ ಮಾಡಿ, ಐದು ನಿಮಿಷ ಬಿಟ್ಟು ಗೇಜು ನೋಡಬೇಕು. ಕಾರಿನಲ್ಲಿ ಎಣ್ಣೆಯ ಕೆಂಪು ದೀಪ ಕೆಲವೇ ಸೆಕೆಂಡುಗಳಲ್ಲಿ ಆರಬೇಕು. ಆರದಿದ್ದರೆ ಎಂಜಿನ್ ಕೂಡಲೇ ನಿಲ್ಲಿಸಬೇಕು. ಬಹಳಷ್ಟು ಬೈಕು ಸ್ಕೂಟರುಗಳಲ್ಲಿ ಗೇಜನ್ನು ಒರೆಸಿ, ತಿರುಗಿಸಿ ಬಿಗಿಯದೆ ಸುಮ್ಮನೆ ಒಳಗಿಟ್ಟು ತೆಗೆದು ನೋಡುವ ಕ್ರಮವಿದೆ. ಬಿಗಿದು ನೋಡಿದರೆ ಗೇಜು ಹೆಚ್ಚು ಆಳಕ್ಕಿಳಿದು, ಕಡಿಮೆ ಇರುವ ಎಣ್ಣೆಯೂ ಸರಿಯಾಗಿದೆಯೆಂದು ಸುಳ್ಳು ಹೇಳುತ್ತದೆ. ಸೈಡ್ ಸ್ಟ್ಯಾಂಡಿನ ಮೇಲೆ ಓರೆಯಾಗಿ ನಿಂತ ಗಾಡಿಯ ಮಟ್ಟವನ್ನು ನಂಬಲೇಬಾರದು.

ಹೆಚ್ಚು ಎಣ್ಣೆ ಒಳ್ಳೆಯದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಮೇಲಿನ ಗೀಟು ಮೀರಿ ತುಂಬಿದಾಗ ತಿರುಗುವ ಕ್ರ್ಯಾಂಕ್ ಎಣ್ಣೆಯನ್ನು ಮಜ್ಜಿಗೆ ಕಡೆದಂತೆ ಕಡೆಯುತ್ತದೆ. ನೊರೆಯಾದ ಎಣ್ಣೆಗೆ ಸವೆತ ತಡೆಯುವ ಕಸುವು ಕಡಿಮೆ. ಒಳಗಿನ ಒತ್ತಡ ಏರಿ ಆಯಿಲ್ ಸೀಲುಗಳು ಸೋರತೊಡಗುತ್ತವೆ. ಉಸಿರುಕೊಳವೆಯ ಮೂಲಕ ಎಣ್ಣೆ ಏರ್ ಫಿಲ್ಟರಿಗೆ ನುಗ್ಗುತ್ತದೆ. ಹೆಚ್ಚಾದದ್ದನ್ನು ತೆಗೆಯಲು ಮತ್ತೆ ಡ್ರೈನ್ ಬೋಲ್ಟ್ ಬಿಚ್ಚಬೇಕಾಗಿಲ್ಲ. ಔಷಧಿ ಅಂಗಡಿಯಲ್ಲಿ ಸಿಗುವ 50 ಮಿಲಿಲೀಟರಿನ ಸಿರಿಂಜಿಗೆ ಡ್ರಿಪ್ ಹಾಕುವ ತೆಳು ಕೊಳವೆಯನ್ನು ಸಿಕ್ಕಿಸಿ, ಗೇಜಿನ ಬಾಯಿಯಿಂದ ಎಳೆದು ತೆಗೆಯಬಹುದು.

ಚೆಲ್ಲಿದ ಎಣ್ಣೆ, ಹಳೆಯ ಎಣ್ಣೆ

ಎಣ್ಣೆ ಟಯರಿಗೋ ಬ್ರೇಕ್ ಡಿಸ್ಕಿಗೋ ತಾಗಿದೆಯೇ ಎಂದು ನೋಡದೆ ಗಾಡಿ ಹತ್ತಬಾರದು. ಟಯರನ್ನು ಪಾತ್ರೆ ತೊಳೆಯುವ ಸೋಪು ಮತ್ತು ಬ್ರಷ್ಷಿನಿಂದ ಎರಡು ಸಲ ಉಜ್ಜಿ ತೊಳೆದು ಒಣಗಿಸಬೇಕು. ಬ್ರೇಕ್ ಪ್ಯಾಡು ಎಣ್ಣೆ ಹೀರಿದ್ದರೆ ಬದಲಿಸಬೇಕು. ನೆಲದ ಮೇಲೆ ಚೆಲ್ಲಿದ್ದಕ್ಕೆ ಮರದ ಹೊಟ್ಟು ಅಥವಾ ಒಲೆಯ ಬೂದಿ ಸುರಿದು, ಹೀರಿಕೊಂಡ ಮೇಲೆ ಗುಡಿಸಿ, ಆಮೇಲೆ ಸೋಪು ಹಾಕಿ ಉಜ್ಜಬೇಕು. ನೀರು ಹೊಡೆದು ಚರಂಡಿಗೆ ತಳ್ಳಿದರೆ ಅಪಾರ್ಟ್‌ಮೆಂಟಿನ ಸಂಘದವರು ಬೈಯುವುದಿರಲಿ, ಆ ಎಣ್ಣೆ ಯಾವುದೋ ಕೆರೆಯನ್ನು ಸೇರುತ್ತದೆ.

ನಮ್ಮ ಕಡೆ ಸುಟ್ಟ ಎಣ್ಣೆಯನ್ನು ಗೆದ್ದಲು ಹತ್ತದಿರಲೆಂದು ಬೇಲಿಯ ಕಂಬಗಳಿಗೆ, ಕೀಲೆಣ್ಣೆಯ ಬದಲು ಎತ್ತಿನಗಾಡಿಗೆ, ಸೆಂಟ್ರಿಂಗ್ ಹಲಗೆಗಳಿಗೆ ಬಳಿಯುವ ರೂಢಿಯಿದೆ. ಎಂಜಿನ್‌ನಲ್ಲಿ ಬೆಂದ ಎಣ್ಣೆಯಲ್ಲಿ ಲೋಹದ ಕಣಗಳೂ ಚರ್ಮಕ್ಕೆ ಕೆಡುಕು ಮಾಡುವ ವಸ್ತುಗಳೂ ಇರುವುದರಿಂದ ಮಣ್ಣಿಗಿಳಿಯುವ ಇಂಥ ಬಳಕೆ ಒಳ್ಳೆಯದಲ್ಲ. ಬದಲಿಸುವಾಗಲೂ ಕೈಗವಸು ಹಾಕಿಕೊಳ್ಳಬೇಕು. ಕೇಂದ್ರ ಸರ್ಕಾರದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿಯಲ್ಲಿ ಬಳಸಿದ ಎಣ್ಣೆ ಬರುತ್ತದೆ. 2024ರ ಏಪ್ರಿಲ್ 1ರಿಂದ ಅದರ ಮರುಸಂಸ್ಕರಣೆಯ ಹೊಣೆಯನ್ನು ಎಣ್ಣೆ ತಯಾರಕರ ಮೇಲೂ ಹೊರಿಸಲಾಗಿದೆ. ಮನೆಯಲ್ಲಿ ಬದಲಿಸಿದವರು ಹಳೆಯದನ್ನು ಡಬ್ಬಿಗೆ ತುಂಬಿ, ನೀರಾಗಲಿ ಪೆಟ್ರೋಲಾಗಲಿ ಬೆರೆಸದೆ, ಹತ್ತಿರದ ಸರ್ವೀಸ್ ಕೇಂದ್ರಕ್ಕೆ ಕೊಟ್ಟರೆ ಅವರು ತಮ್ಮ ಬ್ಯಾರೆಲ್ಲಿಗೆ ಸುರಿದುಕೊಳ್ಳುತ್ತಾರೆ. ಸಾಮಾನ್ಯವಾಗಿ ಯಾರೂ ಬೇಡವೆನ್ನುವುದಿಲ್ಲ, ಏಕೆಂದರೆ ಅದಕ್ಕೂ ಕೊಳ್ಳುವವರಿದ್ದಾರೆ.

ರಾತ್ರಿ ಗಾಡಿಯ ಕೆಳಗೆ ಒಂದು ಹಳೆಯ ದಿನಪತ್ರಿಕೆ ಹಾಸಿಡಬೇಕು. ಬೆಳಿಗ್ಗೆ ಅದರ ಮೇಲೆ ಹನಿ ಬಿದ್ದಿದ್ದರೆ ಯಾವ ಬೋಲ್ಟಿನ ನೇರಕ್ಕೆ ಬಿದ್ದಿದೆಯೆಂದು ಗುರುತಿಸಬಹುದು. ಹನಿಯಿಲ್ಲದಿದ್ದರೆ 50 ಕಿಲೋಮೀಟರ್ ಓಡಿಸಿದ ಮೇಲೆ ಗೇಜನ್ನು ಇನ್ನೊಮ್ಮೆ ನೋಡಿ, ಬದಲಿಸಿದ ದಿನಾಂಕ, ಮೀಟರಿನ ಅಂಕಿ ಮತ್ತು ಹಾಕಿದ ಎಣ್ಣೆಯ ದರ್ಜೆಯನ್ನು ಬರೆದು ಸೀಟಿನ ಅಡಿಯಲ್ಲಿ ಅಂಟಿಸಬೇಕು.